ಗೋಡೆಗೆ ಮುಖ ಮಾಡಿದ ಸ್ಪೀಕರು

ಹದಿನೇಳನೇ ದನಿ ಕಾಣೆಯಾಗಿತ್ತು.

ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ನಾರಿನ್ ಕಡೆಯ ಹಳ್ಳಿ ಹೆಂಗಸರ ಕೊಶೊಕ್‌ಗಳ ರೆಕಾರ್ಡಿಂಗುಗಳಿದ್ದವು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಹಾಡುಗಳು. ಅವನ್ನು ಕಂಪ್ಯೂಟರ್ ಪಾಠವಾಗಿಸಿ ಶಾಲೆಮಕ್ಕಳಿಗೆ ಕಲಿಸುವುದು ನಮ್ಮ ಸಂಶೋಧನೆ. ಹೆಂಗಸರ ಹೆಸರು ಹೊರಬೀಳದಂತೆ ಬರೀ ನಂಬರು ಕೊಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಮಿಕ್ಕವೆಲ್ಲ ಇವೆ, ಹದಿನೇಳು ಮಾತ್ರ ಇಲ್ಲ. ಅದರ ಸಾಲುಗಳನ್ನು ಬರೆದಿಟ್ಟ ಫೈಲೂ ಇಲ್ಲ.

"ತಿಲೆಕ್‌ನದೇ ಕೆಲಸ," ಎಂದರು ನಮ್ಮ ಗೈಡ್ ಸಗಿನ್‌ಬೇಕ್. "ಅಳಿಸಿರೋದು ಅವನ ಲಾಗಿನ್ನಿಂದ. ಲೇಖನದಲ್ಲಿ ತನ್ನ ಹೆಸರು ಬಿಟ್ರು ಅಂತ ನನ್ನ ಮೇಲೆ ಹಾರಾಡಿದ್ನಲ್ಲ! ಇವತ್ತೇ ಕಿತ್ತುಹಾಕ್ತೀನಿ."

ಬಿಷ್ಕೆಕ್‌ನಲ್ಲಿ ಪತ್ರಿಕೆಗೆ ಅಪರಾಧ ವರದಿ ಮಾಡಿ ಮಾಡಿ ಬೇಸತ್ತು ಓದಲು ಬಂದವಳು ನಾನು. ಹುಡುಗರಿಗೆಲ್ಲ ಅಕ್ಕ, ಬುರುಲ್ ಎಜೆ. ಹಳೇ ಚಾಳಿ ಬಿಡುವುದಿಲ್ಲ.

"ಸಂಜೆವರೆಗೂ ತಡೀರಿ ಸರ್," ಎಂದೆ.

*

ಲ್ಯಾಬಿನ ಕಂಪ್ಯೂಟರು ನೋಡಿಕೊಳ್ಳುವ ವಿದ್ಯಾರ್ಥಿ ತಿಲೆಕ್ ಚಹಾದ ಬಟ್ಟಲು ಹಿಡಿದು ಕೂತಿದ್ದ.

"ನೀನೇನಾ?"

"ನಾನಾಗಿದ್ರೆ ಒಂದೇ ಒಂದು ಯಾಕೆ ಅಳಿಸ್ಲಿ ಎಜೆ? ಇಡೀ ಫೋಲ್ಡರಿಗೇ ಬೆಂಕಿ ಇಡ್ತಿದ್ದೆ."

"ಲಾಗಿನ್ ನಿಂದು."

"ಅದು ಯಾವಾಗ್ಲೂ ತೆರೆದೇ ಇರುತ್ತೆ. ಧರ್ಮಛತ್ರ ಇದ್ದ ಹಾಗೆ."

ಹುಡುಗ ಹೇಳಿದ್ದು ಸರಿಯಿತ್ತು. ಕಂಪ್ಯೂಟರಿನ ಮೇಜು ನೋಡಿದೆ. ಸ್ಪೀಕರು ಗೋಡೆಗೆ ಮುಖ ಮಾಡಿ ಕೂತಿತ್ತು.

"ಇದನ್ನ ತಿರುಗಿಸಿದ್ಯಾರು?"

"ನಾನಲ್ಲ. ಗೋಡೆಗೆ ಹಾಡು ಕೇಳಿಸೋಕಾ?"

ಕೊಶೊಕ್ ಹೇಳುವ ಹೆಂಗಸು ಬಂದವರಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿಯೇ ಕೂರುತ್ತಾಳೆ.

*

ಲ್ಯಾಬಿನ ಮೂರನೆಯವಳು ಜಿಪಾರ್. ಹಳ್ಳಿಗಳಿಗೆ ಹೋಗಿ ದನಿಗಳನ್ನು ತಂದವಳು. ಶಾಲೆಗಳಲ್ಲಿ ಪಾಠ ನಡೆಸುವವಳೂ ಅವಳೇ. ಈ ವಸಂತದಲ್ಲಷ್ಟೇ ಅವಳ ತಾಯಿ ತೀರಿಕೊಂಡಿದ್ದಳು. ಸಂಜೆ ಎಲ್ಲರ ಮುಂದೆ ಅವಳಿಗೆ ಹೇಳಿದೆ.

"ಸಿಟ್ಟಿನವನು ಎಲ್ಲಾ ಅಳಿಸ್ತಾನೆ. ಒಂದನ್ನೇ ಆರಿಸಿ ತೆಗೆದೋರಿಗೆ ಆ ದನಿ ಯಾರದು ಅಂತ ಗೊತ್ತಿತ್ತು. ನಂಬರು ಕೊಟ್ಟೋಳು ನೀನು. ತೆಗೆಯೋ ಮುಂಚೆ ಕೊನೇ ಸಲ ಕೇಳಿದ್ದೀಯ. ಮರ್ಯಾದೆಗೆ ಸ್ಪೀಕರು ಗೋಡೆ ಕಡೆ ತಿರುಗಿಸಿದ್ದೀಯ. ನಿಮ್ಮಮ್ಮ ಅಲ್ವಾ ಜಿಪಾರ್?"

ಅವಳು ತಲೆಯೆತ್ತಲಿಲ್ಲ.

"ನಮ್ಮಣ್ಣ ಸತ್ತಾಗ ಅಮ್ಮ ಹಾಡಿದ್ದು. ನನ್ನ ಓದಿಗೆ ಅಂತ ಮತ್ತೆ ಹಾಡಿಕೊಟ್ಲು. ನಿನ್ನೆ ಶಾಲೆಲಿ ಪ್ರಶ್ನೆ ಬಂತು, ಈ ಹೆಂಗಸು ಯಾವ ಸಾಲಲ್ಲಿ ಬಿಕ್ಕಳಿಸ್ತಾಳೆ ಅಂತ. ಸರಿಯಾಗಿ ಒತ್ತಿದ್ರೆ ಚಪ್ಪಾಳೆ ಸದ್ದು. ಮಕ್ಕಳು ಚಪ್ಪಾಳೆಗೋಸ್ಕರ ಮತ್ತೆ ಮತ್ತೆ ಒತ್ತಿದ್ರು ಎಜೆ. ನಮ್ಮಮ್ಮ ಮತ್ತೆ ಮತ್ತೆ ಅತ್ಲು."

ಆ ಪ್ರಶ್ನೆ ಬರೆದವರು ಗೈಡ್. ಅವರು ಕಿಟಕಿಯತ್ತ ನೋಡಿದರು.

"ನನ್ನ ಲ್ಯಾಪ್‌ಟಾಪಲ್ಲಿ ಇದೆ," ಎಂದಳು ಜಿಪಾರ್. "ನನಗೊಬ್ಬಳಿಗೆ ಇರ್ಲಿ ಅಂತ."

ತಿಲೆಕ್ ಬಟ್ಟಲು ಕೆಳಗಿಟ್ಟ. "ನಾವೆಲ್ಲ ಹಂಚಿಕೊಂಡಿರೋ ಫೋಲ್ಡರಲ್ಲಾ? ಅದು ಬೇರೆ ಪ್ರತಿ ಅಲ್ಲ ಕಣೇ. ಇಲ್ಲಿ ಅಳಿಸಿದ್ರೆ ಎಲ್ಲಾ ಕಡೆನೂ ಹೋಗುತ್ತೆ, ಶಾಲೆಲೂ. ಜಾಗ ಸಾಲಲ್ಲ ಅಂತ ಕಸದ ಬುಟ್ಟಿನೂ ತಕ್ಷಣ ಖಾಲಿಯಾಗೋ ಹಾಗೆ ಮಾಡಿದ್ದೆ. ನಾನೇ."

ಅವಳು ತೆರೆದಳು. ಹದಿನಾರು. ಹದಿನೆಂಟು.

"ರೆಕಾರ್ಡ್ ಮಾಡಿದ ಫೋನಲ್ಲಿ?" ಎಂದೆ.

"ಕಂಪ್ಯೂಟರಿಗೆ ಹಾಕಿದ ಮೇಲೆ ಒರೆಸಿಬಿಡ್ಬೇಕಲ್ವಾ. ನಮ್ಮದೇ ನಿಯಮ."

ಅಪರಾಧಿಯನ್ನು ಹಿಡಿದಿದ್ದೆ. ನನ್ನ ಜಾಣತನ ಯಾರಿಗೆ ಬೇಕಿತ್ತು?

ಜಿಪಾರ್ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ ಕೂತಳು. ಅಮ್ಮನ ಹಾಡು ಶುರುಮಾಡಿದಳು. ಒಂದು ಸಾಲು ಬಂತು. ಇನ್ನೊಂದು ಬಂತು. ಅಲ್ಲಿಗೆ ನಿಂತು, ತಿರುಗಿ ನಮ್ಮ ಮುಖ ನೋಡಿದಳು.

ತಿಂಗಳುಗಟ್ಟಲೆ ಆ ಹಾಡನ್ನು ತುಂಡು ಮಾಡಿ ಗುರುತು ಹಾಕಿದವರು ನಾವು. ಮೂರನೇ ಸಾಲಿನಲ್ಲಿ ಬಿಕ್ಕಳಿಕೆ ಎಂದು ಎಲ್ಲರಿಗೂ ಗೊತ್ತಿತ್ತು. ಸಾಲು ಮಾತ್ರ ಯಾರಿಗೂ ನೆನಪಾಗಲಿಲ್ಲ.