ಜಗಲಿಯ ಚಾಪೆ

ಬೆಳಿಗ್ಗೆ ಮೋಹಿನಿ ಗಂಡನ ಚಾಪೆಯನ್ನು ಸುತ್ತಿ ಜಗಲಿಯ ಮೂಲೆಗೆ ಒರಗಿಸಿದಳು. ಕೇದಗೆಯಂಥ ಮುಂಡೇವಿನ ಎಲೆಯಲ್ಲಿ ಹೆಣೆದ ಆ ಚಾಪೆ ಅವಳ ತವರಿನಿಂದ ಬಂದದ್ದು. ಮದುವೆಯಾದ ಹೊಸತರಲ್ಲಿ ಇಬ್ಬರಿಗೂ ಅದೊಂದೇ ಚಾಪೆ... ಬಂದ್ಯೋಡಿನ ಸೈಕಲ್ ಅಂಗಡಿ ಮುಚ್ಚಿ ಬರುತ್ತಿದ್ದ ವಾಸಪ್ಪನ ಕೈಯಿಂದ ಗ್ರೀಸಿನ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವಳು ಮುಖ ತಿರುಗಿಸುತ್ತಿದ್ದಳು, ಅವನು ಬೇಕೆಂದೇ ಕೈಯನ್ನು ಅವಳ ಮೂಗಿನ ಹತ್ತಿರ ತರುತ್ತಿದ್ದ. ಅತ್ತೆಗೆ ಕೇಳಿಸದಂತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಆ ದಿನಗಳು ಎಲ್ಲಿ ಹೋದವೋ... ಚಾಪೆಯಲ್ಲಿ ಈಗಲೂ ಆ ವಾಸನೆ ಇತ್ತು. ಅದರ ಮೇಲೆ ಮಲಗುವವನು ಮಾತ್ರ ಈಗ ಒಳಗೆ ಬಾರದೆ ಜಗಲಿಯಲ್ಲೇ ಮಲಗುತ್ತಿದ್ದ.

ಸಕ್ಕರೆ ಕಾಯಿಲೆ ಬಂದ ಮೇಲೆ ವಾಸಪ್ಪನ ಶಿಶ್ನದ ಮುಂದೊಗಲು ಮತ್ತೆ ಮತ್ತೆ ಒಡೆದು, ಹುಣ್ಣಾಗಿ, ಹಿಂದಕ್ಕೆ ಸರಿಯದಷ್ಟು ಬಿಗಿಯಾಗಿತ್ತು. ಮೂತ್ರಕ್ಕೆ ಹೋದವನು ಗೋಡೆ ಹಿಡಿದು ನಿಲ್ಲುವುದನ್ನು ಕಂಡ ಮೋಹಿನಿಯೇ ಹಟ ಮಾಡಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಆ ತೊಗಲನ್ನು ತೆಗೆಯಬೇಕು ಎಂದರು ಡಾಕ್ಟರು.

"ಆಮೇಲೆ... ಸುಖ ಕಡಿಮೆ ಆಗ್ತದಾ?" ವಾಸಪ್ಪ ನೆಲ ನೋಡುತ್ತ ಕೇಳಿದ್ದ.

"ಅದರ ಒಳಪದರದಲ್ಲಿ ನರದ ತುದಿಗಳು ತುಂಬಾ ಉಂಟು, ತೆಗೆದರೆ ಕಡಿಮೆ ಆಗ್ತದೆ ಅಂತ ಕೆಲವರು ಹೇಳ್ತಾರೆ. ಪರೀಕ್ಷೆ ಮಾಡಿ ನೋಡಿದವರಲ್ಲಿ ಹೆಚ್ಚಿನವರು ದೊಡ್ಡ ವ್ಯತ್ಯಾಸ ಇಲ್ಲ ಅಂತಾರೆ. ವಾದ ಮುಗಿದಿಲ್ಲ. ಆದರೆ ಈಗ ನಿಮಗೆ ಇರುವುದು ನೋವು ಮಾತ್ರ ಅಲ್ವಾ?"

ಅಂಗಡಿಯ ಪಕ್ಕದಲ್ಲಿ ಹೋಟೆಲು ಇಟ್ಟಿದ್ದ ಗೆಳೆಯ ಹಮೀದನನ್ನೂ ಅವನು ಕೇಳಿದ್ದ. ಮನೆಗೆ ಬಂದು ಅದನ್ನು ಮೋಹಿನಿಗೆ ಹೇಳಿ ನಕ್ಕಿದ್ದ. "ಹೋಲಿಸಿ ನೋಡ್ಲಿಕ್ಕೆ ನನಗೆ ಬೇರೆ ಎಂತ ಗೊತ್ತುಂಟು ಮಾರಾಯ, ಎರಡನ್ನೂ ಕಂಡವ ನೀನೇ ಆಗ್ತೀ, ಆಮೇಲೆ ನೀನೇ ನನಗೆ ಹೇಳು, ಅಂದ ಅವ."

ಅವನು ನಕ್ಕದ್ದು ಅದೇ ಕೊನೆ. ಆಪರೇಷನ್ ಆಯಿತು, ಗಾಯ ಒಣಗಿತು, ನೋವು ಹೋಯಿತು, ಇನ್ನು ಹೆದರಬೇಡಿ ಎಂದರು ಡಾಕ್ಟರು. ಆದರೂ ಆಗ ಜಗಲಿಗೆ ಹೋದ ಚಾಪೆ ಒಳಗೆ ಬರಲಿಲ್ಲ.

"ನಾನು ಆವತ್ತೇ ಬೇಡ ಅಂದೆ," ಸುತ್ತಿಟ್ಟ ಚಾಪೆಯನ್ನು ಕಂಡು ಅತ್ತೆ ಗಿರಿಜಕ್ಕ ಬಾಗಿಲಲ್ಲಿ ನಿಂತು ಶುರುಮಾಡಿದರು. "ದೇವರು ಕೊಟ್ಟದ್ದನ್ನು ಕೊಯ್ಸಿ ಕರ್ಕೊಂಡು ಬಂದೆಯಲ್ಲ. ಈಗ ನನ್ನ ಮಗ ನಾಯಿಯ ಹಾಗೆ ಹೊರಗೆ. ಸುಖ ಬೇಕಿದ್ದದ್ದು ನಿನಗೆ, ಕತ್ತಿ ಬಿದ್ದದ್ದು ಅವನಿಗೆ."

ಮೋಹಿನಿ ಅತ್ತೆಯ ಕಡೆ ತಿರುಗಿದಳು. "ಸುಖಕ್ಕಲ್ಲ ಅತ್ತೆ... ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಇವರು ಅಳುತ್ತಿದ್ದದ್ದು ನಿಮಗೆ ಕೇಳಿಸ್ಲಿಲ್ಲ. ನನಗೆ ಕೇಳಿಸ್ತಿತ್ತು."

ಗಿರಿಜಕ್ಕ ಅಂಗಳದಲ್ಲಿದ್ದ ಮಗನನ್ನು ನೋಡಿದರು. "ಹೌದಾ ಮಗಾ?"

ವಾಸಪ್ಪ ಹೌದೆಂದು ತಲೆಯಾಡಿಸಿದ. ಮುದುಕಿ ಒಳಗೆ ಹೋದರು.

"ಅಮ್ಮನ ಮಾತು ಬಿಡು," ಎಂದ ಅವನು ಮೆಲ್ಲನೆ. "ಆ ಸುಖ ಹೋಗಿದೆಯಾ ಇಲ್ಲವಾ ಅಂತ ನನಗೇ ಗೊತ್ತಿಲ್ಲ ಮೋಹಿನಿ. ಗೊತ್ತಾಗುವುದೂ ಬೇಡ. ಮೊದಲಿನದ್ದು ನೆನಪುಂಟಲ್ಲ... ಅದಾದರೂ ಹಾಗೇ ಇರಲಿ."

"ನನಗೆ ನೆನಪಿರುವುದು ನಿಮ್ಮ ಕೈಯ ಗ್ರೀಸು," ಎಂದಳು ಅವಳು.

ಅವನು ತನ್ನ ಕೈಗಳನ್ನು ನೋಡಿಕೊಂಡ. ಅಂಗಡಿಗೆ ಹೊರಟು, ಬುತ್ತಿಯನ್ನು ಸೈಕಲಿಗೆ ಸಿಕ್ಕಿಸಿ ಗೇಟಿನವರೆಗೆ ಹೋದ. ಮೋಹಿನಿ ಮೂಲೆಯ ಚಾಪೆಯನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಬರೇ ಮಲಗ್ಲಿಕ್ಕೆ... ಇವತ್ತು ರಾತ್ರಿ ಒಳಗೆ ಹಾಸ್ತೇನೆ, ಬನ್ನಿ."