ಬಾಯಿ ಕಟ್ಟಿದೆ

“ಓದ್ಕೊಳಿ, ಫೋಟೋ ಹೊಡ್ಕೊಳಿ, ಏನ್ ಬೇಕಾದ್ರೂ ಮಾಡ್ಕೊಳಿ ಮೇಡಮ್. ಏಳನೇ ವಾರ್ಡಿನ ಪುಸ್ತಕಕ್ಕೆ ನಿಮ್ಮ ಎಂಜಲು ಮಾತ್ರ ತಾಗಿಸ್ಬೇಡಿ. ನಿಮ್ಮ ದಮ್ಮಯ್ಯ.”

ಕೆಡವುವ ಮೊದಲು ಆಸ್ಪತ್ರೆಯ ಹಳೆಯ ಕಾಗದಪತ್ರ ಕಲೆಹಾಕಲು ಬಂದಿದ್ದ ದಾಖಲೆಯವಳು ಕಿಸಕ್ಕನೆ ನಕ್ಕಳು. ಎಂಜಲು ತಾಗಿಸಬೇಡ ಎಂದು ಅವಳಿಗೆ ಹೇಳಿದವರಲ್ಲಿ ಈ ಮುದುಕಿ ಆಯಾ ಮೊದಲನೆಯವಳೇನಲ್ಲ. ಸಂಗ್ರಹಾಲಯದ ಸಾಹೇಬರು ವರ್ಷಗಟ್ಟಲೆ ಅದೇ ರಾಗ ಎಳೆದಿದ್ದರು: ಹಳೆಯ ಕಾಗದಕ್ಕೆ ಉಗುಳು ತಾಗಿದರೆ ಬೂಷ್ಟು ಹಿಡಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಅವಳು ತಲೆಯಾಡಿಸುವಳು. ಸಾಹೇಬರು ಬೆನ್ನು ತಿರುಗಿಸಿದರೋ ಇಲ್ಲವೋ, ಬೆರಳು ನಾಲಿಗೆಗೆ, ನಾಲಿಗೆಯಿಂದ ಪುಟಕ್ಕೆ. ಕೈಗವಸು ಹಾಕಿ ಹಾಳೆ ತಿರುವುವುದು ಅವಳ ಮಟ್ಟಿಗೆ ಸಾಕ್ಸು ಹಾಕಿಕೊಂಡು ಸ್ನಾನ ಮಾಡಿದ ಹಾಗೆ.

“ಯಾಕಜ್ಜಿ, ನಿಮ್ಮ ಪುಸ್ತಕಕ್ಕೆ ಅಷ್ಟೊಂದು ಮಡಿಯಾ?”

“ಅದಕ್ಕೆ ಮಾಟ ಮಾಡಿಸಿದಾರೆ. ಮೇಟ್ರನಮ್ಮನೇ ಮಾಡ್ಸಿದ್ದು.”

“ಏನು ಮಾಟ?”

ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹದಿನೆಂಟಕ್ಕೆ ಈ ಹುಚ್ಚಾಸ್ಪತ್ರೆಯ ಕೆಲಸಕ್ಕೆ ಸೇರಿ, ಆಸ್ಪತ್ರೆ ಮುಚ್ಚಿದ ಮೇಲೂ ಹಿಂದಿನ ಕ್ವಾರ್ಟರ್ಸಿನಲ್ಲೇ ಉಳಿದುಕೊಂಡ ಹೆಂಗಸು ಅವಳು. ಒಂಟಿ ಬದುಕು ತಲೆ ಕೆಡಿಸಿರಬೇಕು ಎಂದುಕೊಂಡು ದಾಖಲೆಯವಳು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಅವಳಿಗೆ ಪುರುಸೊತ್ತೂ ಇರಲಿಲ್ಲ. ಆರು ವಾರ್ಡುಗಳು ಆಗಲೇ ಇಟ್ಟಿಗೆಯ ಗುಡ್ಡೆಯಾಗಿದ್ದವು. ಏಳನೆಯದಕ್ಕೆ ನಾಲ್ಕು ಗಂಟೆಗೆ ಬುಲ್ಡೋಜರ್ ಹಚ್ಚುವುದಾಗಿ ಮೇಸ್ತ್ರಿ ಹೇಳಿಬಿಟ್ಟಿದ್ದ.

ಎರಡು ವಾರದಲ್ಲಿ ಅವಳು ಸಾಕಷ್ಟು ಉಳಿಸಿದ್ದಳು. ಮಂಚದ ನಂಬರಿನ ತಗಡುಗಳು, ವೈದ್ಯರ ಪತ್ರಗಳು, ಕೈಕಾಲು ಬಿಗಿಯುವ ಚರ್ಮದ ಪಟ್ಟಿಗಳು. ಸತ್ತವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಇತಿಹಾಸವೆಂದರೆ ತಗಡು ಪಟ್ಟಿಯಲ್ಲ, ಹೆಸರು ಎಂಬುದು ಅವಳ ಹಟ. ಆ ಹಟಕ್ಕೆ ಒಂದು ಮುಖವೂ ಇತ್ತು. ಗೇಟಿನ ಹೊರಗೆ ದಿನಾ ಬೆಳಗ್ಗೆ ಬಂದು ಕೂರುತ್ತಿದ್ದ ಮುದಿ ದರ್ಜಿ. ಎಂಟು ವರ್ಷದವನಿದ್ದಾಗ ಅವನ ಅಕ್ಕನನ್ನು ಮನೆಯವರು ಇಲ್ಲಿ ಬಿಟ್ಟು ಹೋಗಿದ್ದರು.

“ಅಕ್ಕ ಬದುಕಿಲ್ಲ ಅಂತ ಗೊತ್ತಮ್ಮಾ. ಎಲ್ಲಿ ಹೂತಿದಾರೆ ಅಂತ ತಿಳಿದ್ರೆ ಸಾಕು. ಅಲ್ಲಿ ನಿಂತು ಒಂದ್ಸಲ ಅಕ್ಕಾ ಅಂತ ಕರೀಬೇಕು. ಬಲಗೆನ್ನೆ ಮೇಲೆ ಸುಟ್ಟ ಕಲೆ ಇತ್ತು ಅವಳಿಗೆ. ಇಸ್ತ್ರಿಪೆಟ್ಟಿಗೆ ನಾನೇ ತಾಗಿಸಿದ್ದು, ಆಟ ಆಡ್ತಾ.”

“ಹುಡುಕಿಕೊಡ್ತೀನಿ ತಾತ. ಮಾತು ಕೊಡ್ತಿದೀನಿ” ಎಂದಿದ್ದಳು.

ಏಳನೇ ವಾರ್ಡಿನ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಮಟಮಟ ಮಧ್ಯಾಹ್ನವೂ ಒಳಗೆ ಟಾರ್ಚು ಬೇಕಾಯಿತು. ಮೊದಲು ಬಂದದ್ದು ವಾಸನೆ. ಹನ್ನೊಂದು ವರ್ಷ ಮುಚ್ಚಿದ ಕಟ್ಟಡದಲ್ಲಿ ಉಚ್ಚೆಯ ನಾತ ಉಳಿಯುತ್ತದೆಯೇ? ಉಳಿದಿತ್ತು. ಗೋಡೆಯ ಗಾರೆಯೇ ಅದನ್ನು ಕುಡಿದು ಕೂತಿತ್ತು. ಅದರ ಮೇಲೆ ಫಿನಾಯಿಲು, ಅದರಡಿಯಲ್ಲಿ ಸತ್ತ ಹೆಗ್ಗಣ, ಇವೆಲ್ಲದರ ನಡುವೆ ಸಿಹಿಸಿಹಿಯಾದ, ಕಮಟು ಹಿಡಿದ ತಲೆಯೆಣ್ಣೆಯ ವಾಸನೆ. ನೆಲ ಚಪ್ಪಲಿಗೆ ಅಂಟುತ್ತಿತ್ತು. ಹೆಜ್ಜೆ ಎತ್ತಿದಾಗಲೆಲ್ಲ ಪಿಚಪಿಚ ಸದ್ದು. ಥೂ, ಇದು ಮನುಷ್ಯರನ್ನು ಇಟ್ಟಿದ್ದ ಜಾಗವೇ ಎಂದು ಅವಳು ಮೂಗು ಮುಚ್ಚಿಕೊಂಡು ಮುಂದೆ ನಡೆದಳು.

ಮೇಟ್ರನ್ ಕೋಣೆಯ ಗೋಡೆ ಬೀರುವಿನಲ್ಲಿ ಪುಸ್ತಕ ಸಿಕ್ಕಿತು. ಹಾಸಿಗೆಗೆ ಹಾಸುವ ರಬ್ಬರ್ ಶೀಟಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರೆ ಒಂದೊಂದು ಪುಟಕ್ಕೆ ಒಬ್ಬೊಬ್ಬಳು. ಹೆಸರು, ವಯಸ್ಸು, ಗುರುತು, ಸೇರಿದ ದಿನ, ಸತ್ತ ದಿನ, ಹೂತ ಜಾಗ. ಕೆಳಗೆ ಮೈದಾ ಗೋಂದಿನಲ್ಲಿ ಅಂಟಿಸಿದ ಒಂದು ಗೊಂಚಲು ಕೂದಲು. ಸೇರಿಸಿಕೊಳ್ಳುವಾಗ ತಲೆ ಬೋಳಿಸಿದ ಗುರುತು ಇರಬೇಕು. ಗೋಂದು ಹಳದಿಯಾಗಿ, ಕೀವಿನ ಹಾಗೆ ಗಟ್ಟಿಕಟ್ಟಿತ್ತು. ಪ್ರತಿ ಪುಟದ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಎರಡೇ ಪದ: ಬಾಯಿ ಕಟ್ಟಿದೆ.

ಅವಳಿಗೆ ನಗು ಬಂತು. ಗಂಡನಿಗೆ ಸಕ್ಕರೆ ಕಾಯಿಲೆ ಬಂದ ದಿನದಿಂದ ಮನೆಯಲ್ಲೂ ಅದೇ ಮಾತು. ಬಾಯಿ ಕಟ್ಟಿ, ಬಾಯಿ ಕಟ್ಟಿ ಎಂದು ಡಾಕ್ಟರು ಹೇಳುವುದು, ಗಂಡ ಕದ್ದು ಲಾಡು ತಿನ್ನುವುದು. ತನ್ನ ನೋಟ್‌ಬುಕ್ಕಿನಲ್ಲಿ ದಾಖಲೆಯವಳು ಗುಂಡಗುಂಡಗೆ ಬರೆದಳು: ‘ಏಳನೇ ವಾರ್ಡಿನ ರೋಗಿಗಳೆಲ್ಲರಿಗೂ ಕಟ್ಟುನಿಟ್ಟಿನ ಪಥ್ಯವಿತ್ತು.’

ಪುಟಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು. ಬೆರಳು ತಾನಾಗಿ ನಾಲಿಗೆಗೆ ಹೋಯಿತು. ತಿರುವಿದಳು. ಮತ್ತೆ ನಾಲಿಗೆಗೆ. ಉಪ್ಪುಪ್ಪು, ಕಮಟು. ಮತ್ತೊಂದು ಪುಟ. ರುಚಿ ಹೇಸಿಗೆ ಹುಟ್ಟಿಸಿದರೂ ಕೈ ನಿಲ್ಲಲಿಲ್ಲ. ನಡುನಡುವೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಲವತ್ತು, ಐವತ್ತು ಪುಟ ದಾಟಿದಳು.

ಅಗೋ. ಗುರುತು: ಬಲಗೆನ್ನೆಯಲ್ಲಿ ಸುಟ್ಟ ಕಲೆ. ವಯಸ್ಸು ಹದಿನೇಳು. ಹೂತ ಜಾಗ: ಅಡುಗೆಮನೆಯ ಹಿಂದೆ, ಬಚ್ಚಲ ಗುಂಡಿಯ ಪಕ್ಕ.

ಬಚ್ಚಲ ಗುಂಡಿಯ ಪಕ್ಕ! ಒಂದು ಹೆಣ್ಣುಮಗುವನ್ನು! ಅವಳಿಗೆ ಸಿಟ್ಟಿನಿಂದ ಮೈ ಉರಿಯಿತು, ಜತೆಗೇ ಖುಷಿಯೂ ಆಯಿತು. ಪುಸ್ತಕ ಎತ್ತಿಕೊಂಡು ಬಾಗಿಲಿಗೆ ಓಡಿದಳು. ಅಲ್ಲೇ ನಿಂತಿದ್ದ ಆಯಾಗೆ ಹೆಸರು ಕೂಗಿ ಹೇಳಲು ಬಾಯಿ ತೆರೆದಳು.

ದನಿ ಬರಲಿಲ್ಲ. ನಾಲಿಗೆಯ ಮೇಲೆ ಏನೋ ಕಚಗುಳಿಯಿಟ್ಟಿತು. ಒಂದು ಕೂದಲು. ಚಿಟಿಕೆಯಲ್ಲಿ ಹಿಡಿದು ಎಳೆದಳು. ಬಂತು. ಇನ್ನೂ ಬಂತು. ಮೊಳದುದ್ದ. ಗಂಟಲ ಆಳದಲ್ಲಿ ಎಲ್ಲೋ ಬೇರು ಕಿತ್ತ ಹಾಗೆ ನೋವು. ಎಳೆದಷ್ಟೂ ಬರುತ್ತಿತ್ತು. ಕಪ್ಪು. ಬಿಳಿ. ಕೆಂಚು. ಎಣ್ಣೆ ಜಿಡ್ಡಿನದು. ಹೇನಿನ ಸೀರು ಅಂಟಿದ್ದು. ಅದರ ಜತೆ ಹಳದಿ ಗೋಂದು. ಉಸಿರು ಸಿಕ್ಕಿಕೊಂಡಿತು. ಮೊಣಕಾಲೂರಿ ಕುಸಿದಳು. ವಾಂತಿ ಬಂತು. ವಾಂತಿಯೂ ಕೂದಲೇ. ಅದು ನೆಲದ ಮೇಲೆ ಮಿಸುಕಾಡಿತು. ಹಿಂದಿನ ಕತ್ತಲಲ್ಲಿ ನೂರು ಬಾಯಿಗಳು ಒಟ್ಟಿಗೆ ಉಮ್ಮ್ ಉಮ್ಮ್ ಎಂದವು.

ಆಯಾ ಅವಳ ಬೆನ್ನು ನೀವಿದಳು. “ಬಾಯಿ ಕಟ್ಟೋದು ಅಂದ್ರೆ ಪಥ್ಯ ಅಂದ್ಕೊಂಡ್ರಾ ಮೇಡಮ್? ತಪಾಸಣೆಗೆ ಬಂದೋರ ಹತ್ರ ಬಾಯಿ ಬಿಡಬಾರ್ದು ಅಂತ ಮಾಟಗಾರನ್ನ ಕರೆಸಿ ಕಟ್ಟಿಸಿದ್ದು. ಹುಳ ಬಿದ್ದ ಅನ್ನ ಹಾಕಿದ್ದು, ಹೇಲುಚ್ಚೆಲೇ ಮಲಗ್ಸಿದ್ದು, ಹೆಣದ ಜತೆ ಒಂದೇ ಮಂಚಕ್ಕೆ ಬಿಗಿದಿದ್ದು, ಯಾವ್ದೂ ಆಚೆ ಹೋಗಬಾರ್ದು. ಅವರ ಕೈಯಿಂದ್ಲೇ ಬೆರಳಿಗೆ ಎಂಜಲು ಹಚ್ಚಿಸಿ ಪುಟಕ್ಕೆ ಒತ್ತಿಸೋರು. ಎಂಜಲು ಕೊಟ್ಟೋರ ಬಾಯಿ ಆ ಪುಸ್ತಕದ್ದು.”

‘ನಿಮ್ಮ ಬಾಯಿ?’ ಎಂದು ದಾಖಲೆಯವಳು ಕಣ್ಣಿನಲ್ಲೇ ಕೇಳಿದಳು.

“ನನ್ನ ಬಾಯಿ ಯಾರೂ ಕಟ್ಟಲಿಲ್ಲ. ನಾನೇ ಮುಚ್ಕೊಂಡಿದ್ದೆ.”

ಆ ಮುಖಕ್ಕೆ ಉಗಿಯಬೇಕೆನಿಸಿತು ದಾಖಲೆಯವಳಿಗೆ. ಉಗಿಯಲು ಬಾಯಲ್ಲಿ ಜಾಗವಿರಲಿಲ್ಲ.

“ಅದನ್ನ ಇದ್ದಲ್ಲೇ ಇಟ್ಟುಬಿಡಿ. ಮೇಲೆ ಗೋಡೆ ಬೀಳ್ಲಿ. ಅದ್ರಲ್ಲಿ ಓದಿದ್ದು ಮಾತಲ್ಲಾಗ್ಲಿ ಬರಹದಲ್ಲಾಗ್ಲಿ ಯಾವತ್ತೂ ಆಚೆ ಬರಬಾರ್ದು. ಆಗ ಅದು ನಿಮ್ಮನ್ನ ಬಿಡುತ್ತೆ.”

ದಾಖಲೆಯವಳು ಇಲ್ಲ ಎಂದು ತಲೆಯಾಡಿಸಿದಳು. ನೋಟ್‌ಬುಕ್ಕು ಎಳೆದುಕೊಂಡು ದರ್ಜಿಯ ಅಕ್ಕನ ಹೆಸರಿನ ಮೊದಲ ಅಕ್ಷರ ಬರೆದಳು. ಗಂಟಲೊಳಗೆ ಜಡೆಯೊಂದು ಹೊರಳಿ ಬಿಗಿಯಿತು. ಕಣ್ಣು ಕತ್ತಲಿಟ್ಟಿತು. ಹೊರಗೆ ಬುಲ್ಡೋಜರ್ ಗುರುಗುಟ್ಟಿತು. ಗೋಡೆ ನಡುಗಿತು. ಸೂರಿನ ಗಾರೆ ಉದುರಿತು. ಉಸಿರಿಲ್ಲ. ಉಸಿರಿಲ್ಲ.

ಬರೆದ ಅಕ್ಷರವನ್ನು ಗೀಚಿದಳು. ಒಂದೆಳೆ ಗಾಳಿ ಒಳಗೆ ಬಂತು.

ತೆವಳಿಕೊಂಡು ಹೋಗಿ ಪುಸ್ತಕವನ್ನು ಬೀರುವಿಗೆ ತಳ್ಳಿದಳು. ಆಯಾ ರಟ್ಟೆ ಹಿಡಿದು ಹೊರಗೆಳೆದಳು. ಅಂಗಳದ ಬಿಸಿಲಿನಲ್ಲಿ ಕೂತು ದಾಖಲೆಯವಳು ಮೊಬೈಲಿನ ಚಿತ್ರಗಳನ್ನು ಒಂದೊಂದಾಗಿ ಅಳಿಸಿದಳು. ಅಳಿಸಿದಷ್ಟೂ ಗಂಟಲು ಸಡಿಲವಾಯಿತು. ಕೊನೆಗೆ ಉಳಿದದ್ದು ಸುಟ್ಟ ಕಲೆಯ ಪುಟ. ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಅದನ್ನೂ ಅಳಿಸಿದಳು. ಏಳನೇ ವಾರ್ಡು ಧೂಳೆಬ್ಬಿಸುತ್ತ ಕುಸಿದು ಬಿತ್ತು. ಅಡುಗೆಮನೆಯ ಹಿಂದಿನ ನೆಲವನ್ನೂ ಇಟ್ಟಿಗೆ ಮುಚ್ಚಿಹಾಕಿತು.

ಗೇಟಿನಲ್ಲಿ ದರ್ಜಿ ಎದ್ದು ನಿಂತ. ಧೂಳಿಗೆ ಕಣ್ಣು ಕೆಂಪಾಗಿತ್ತು.

“ಸಿಕ್ಕಿದಳಾ ತಾಯಿ ನನ್ನಕ್ಕ?”

ಅಕ್ಕನ ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದರ ಹಿಂದೆಯೇ ಒಂದು ಎಳೆ ಕಚಗುಳಿಯಿಡುತ್ತಿತ್ತು.

“ಇಲ್ಲ ತಾತ” ಎಂದಳು. “ಅಂಥವರು ಯಾರೂ ಇಲ್ಲಿ ಇರಲೇ ಇಲ್ಲ.”

ಅಷ್ಟು ಮಾತ್ರ ಸಲೀಸಾಗಿ, ಒಂದಿಷ್ಟೂ ತಡವರಿಸದೆ ಬಂತು.