ಹನ್ನೊಂದು ಕನ್ನಡಕಗಳು

ಕಸದ ಬುಟ್ಟಿ ಹಿಡಿದು ಹಿಂಬಾಗಿಲು ತೆರೆದ ಕನ್ನಡಕದಮ್ಮನ ಕಾಲಿಗೆ ಮೊದಲು ತಗುಲಿದ್ದು ಒಂದು ಕೈ.

ಹುಡುಗನ ಕೈ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕಟ್ಟಡದ ಹಿಂದಿನ ಕಬ್ಬಿಣದ ಮೆಟ್ಟಿಲುಗಳ ಬುಡದಲ್ಲಿ ಅವನು ಅಂಗಾತ ಬಿದ್ದಿದ್ದ. ಹದಿನಾರು ವರ್ಷವಿರಬಹುದು. ಬರಿಗಾಲು. ಕಿವಿಯ ಹಿಂದೆ ರಕ್ತ. ಎಡ ಮಣಿಕಟ್ಟಿನ ಸುತ್ತ ಸಣ್ಣ ಸಣ್ಣ ಕೆಂಪು ಗೆರೆಗಳು. ತಲೆಯ ಕೆಳಗೆ ಯಾರೋ ನೀಲಿ ಸ್ವೆಟರೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮುಖದ ಮೇಲೆ ಕಪ್ಪು ಫ್ರೇಮಿನ ಕನ್ನಡಕ, ಫೋಟೋಕ್ಕೆ ಕೂತವರ ಹಾಗೆ ನೆಟ್ಟಗೆ.

ಉಸಿರಿತ್ತು. ಕನ್ನಡಕದಮ್ಮ ಕೂಗುವ ಮೊದಲೇ ಬೀದಿಯ ತುದಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಯಾರು ಕರೆದರು? ಯೋಚಿಸಲು ಸಮಯವಿರಲಿಲ್ಲ. ಸ್ಟ್ರೆಚರಿನವನು ಹುಡುಗನ ಕನ್ನಡಕ ತೆಗೆದು, ಇದನ್ನ ಜೋಪಾನ ಮಾಡಿ ಎಂದು ಅವರ ಕೈಗಿಟ್ಟ. ಸ್ವೆಟರನ್ನು ಮಾತ್ರ ತೆಗೆಯಲಿಲ್ಲ. ತಲೆಯ ಜೊತೆಗೇ ಅದನ್ನೂ ಮೆಲ್ಲಗೆ ಎತ್ತಿಕೊಂಡ.

ಹುಡುಗ ಅವರಿಗೆ ಗೊತ್ತಿದ್ದವನೇ. ಅವರ ಅಂಗಡಿಯ ಗಿರಾಕಿ. ಇಲ್ಲಿಗೆ ಹೇಗೆ ಬಂದ ಎನ್ನುವುದೂ ತಿಳಿಯದ್ದಲ್ಲ. ನೆಲಮಹಡಿಯಲ್ಲಿ ಅವರ ಕನ್ನಡಕದ ಅಂಗಡಿ, ಹಿಂದಿನ ಕೋಣೆಯಲ್ಲಿ ವಾಸ. ಮೇಲಿನ ಮಹಡಿಯಲ್ಲಿ ‘ಕುಟುಂಬ ಸಲಹಾ ಕೇಂದ್ರ’.

* * *

ಎಂಟು ಗಂಟೆಗೆ ಇನ್ಸ್‌ಪೆಕ್ಟರ್ ಅಂಗಡಿಯ ಮೇಜಿನ ಮೇಲೆಯೇ ಕಾಗದ ಹರವಿಕೊಂಡು ಕೂತ. ನಾಲ್ಕನೇ ಕ್ಲಾಸಿನಲ್ಲಿ ಬೋರ್ಡು ಕಾಣದೆ ಅಳುತ್ತಿದ್ದವನಿಗೆ ಮೊದಲ ಕನ್ನಡಕ ಹಾಕಿದ್ದು ಕನ್ನಡಕದಮ್ಮನೇ. ಅಂದಿನಿಂದ ಅವನಿಗೆ ಅವರು ಅಮ್ಮ.

ಕೇಂದ್ರದ ನಿರ್ದೇಶಕರು ಎದುರಿಗೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದುವಾದ ದನಿ. ಹತ್ತಿರದ ಶಾಲೆಯಲ್ಲಿ ವಾರಕ್ಕೊಮ್ಮೆ ನಡತೆಯ ಪಾಠ ಹೇಳುತ್ತಿದ್ದರು. ಯಾವ ಹುಡುಗ ಹುಡುಗನನ್ನೇ, ಯಾವ ಹುಡುಗಿ ಹುಡುಗಿಯನ್ನೇ ಇಷ್ಟಪಡುತ್ತಾರೆ ಎಂದು ಪತ್ತೆ ಮಾಡುತ್ತಿದ್ದುದೂ ಅಲ್ಲಿಯೇ. ಆಮೇಲೆ ತಂದೆತಾಯಿಗೆ ಫೋನು. ಆರು ವಾರದಲ್ಲಿ ಸರಿಮಾಡಿ ಕೊಡುತ್ತೇವೆ ಎನ್ನುವ ಭರವಸೆ.

ಅವರು ಹೇಳಿದ್ದು ಇಷ್ಟು. ಸದ್ಯ ಕೇಂದ್ರದಲ್ಲಿದ್ದವನು ಈ ಹುಡುಗನೊಬ್ಬನೇ. ಬಾಗಿಲಿಗೆ ಬೀಗವಿಲ್ಲ, ಯಾವಾಗ ಬೇಕಾದರೂ ಹೋಗಬಹುದು. ತಾವು ತಮ್ಮ ಮನೆಯಲ್ಲಿದ್ದರು, ಬಂದದ್ದು ಆರೂವರೆಗೆ. ಹುಡುಗನನ್ನು ಕೆಡಿಸಿದ ಆ ಸಹಪಾಠಿ ಬೆಳಗಾಗುವ ಮೊದಲೇ ಬಂದಿದ್ದಾನೆ. ಜಗಳವಾಗಿದೆ. ತಳ್ಳಿದ್ದಾನೆ.

ಸಹಪಾಠಿ ಸಿಕ್ಕಿದ್ದೂ ಆಯಿತು. ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು, ಅಷ್ಟು ಉದ್ದ ಕಾಲು. ಆಸ್ಪತ್ರೆಯ ಗೇಟಿನ ಹೊರಗೆ, ಆ ಚಳಿಯಲ್ಲಿ ಸ್ವೆಟರಿಲ್ಲದೆ ನಿಂತಿದ್ದ. ತೋಳಿನ ಮೇಲೆ ರಕ್ತ.

ಹುಡುಗನ ಅಪ್ಪ ಲಿಫ್ಟ್ ರಿಪೇರಿಯ ಮೇಸ್ತ್ರಿ. ಬಾಗಿಲ ಬಳಿ ನಿಂತೇ ಮಾತಾಡಿದ. ಮಗ ಕಣ್ಣು ಬಿಟ್ಟರೆ ನಾಲ್ಕು ಗಂಟೆಗೆ ಕೇಂದ್ರದ ಕಾರು ಹೊರಟು ಅವನನ್ನು ಆಸ್ಪತ್ರೆಯಿಂದ ವಾಪಸ್ಸು ಕರೆತರುತ್ತದೆ, ಶುಶ್ರೂಷೆಯೂ ಇಲ್ಲೇ, ಸಹಿ ಹಾಕಿದ್ದೇನೆ ಎಂದ.

“ಮತ್ತೆ ಅಲ್ಲಿಗೇ ಕಳಿಸ್ತೀರಾ?” ಕನ್ನಡಕದಮ್ಮ ಕೇಳಿದರು.

“ಕೆಟ್ಟಿದ್ದನ್ನ ರಿಪೇರಿಗೆ ಕೊಡೋದು ತಪ್ಪಾ ಅಮ್ಮ?”

“ನಾನೂ ನಲವತ್ತು ವರ್ಷದಿಂದ ರಿಪೇರಿ ಮಾಡ್ತಿದ್ದೀನಪ್ಪ. ಕೆಟ್ಟಿರೋದು ಏನು ಅಂತ ಮೊದಲು ಹೇಳಬೇಕು.”

ಅವನು ನೆಲ ನೋಡಿದ. ಹಿಂದೆ ನಿಂತಿದ್ದ ಹುಡುಗನ ತಾಯಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

* * *

ಕೊಕ್ಕರೆಯನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿದರು. ಪೇದೆಯೊಬ್ಬ ತನ್ನ ಶಾಲನ್ನು ಬಿಚ್ಚಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ಅವನ ಹೆಗಲಿಗೆ ಹಾಕಿದ. ಕನ್ನಡಕದಮ್ಮ ನೋಡಿದರು.

ಕೊಕ್ಕರೆ ನಡುಗುತ್ತಲೇ ಹೇಳಿದ. ನಾಲ್ಕು ದಿನದ ಹಿಂದೆ ಕೆಳಗಿನಿಂದ ಮೆಲ್ಲಗೆ ಕರೆದಾಗ ಮಹಡಿಯ ಕಿಟಕಿಯಿಂದ ಒಂದು ಕಾಗದದ ಉಂಡೆ ಬಿತ್ತು. ಚಮಚದ ಹಿಡಿಯಿಂದ ಹಿಂಬಾಗಿಲ ಚಿಲಕದ ಮೊಳೆಗಳನ್ನು ಕೀಳುತ್ತಿದ್ದೇನೆ, ಗುರುವಾರ ಐದೂವರೆಗೆ ಬಾ ಎಂದು ಬರೆದಿತ್ತು. ಬಂದ. ಗೆಳೆಯ ಹೊರಗೆ ಬಂದ. ಕಂಬಿಯನ್ನು ತಡವರಿಸಿಕೊಂಡು ಇಳಿದ. ಕೊನೆಯ ನಾಲ್ಕು ಮೆಟ್ಟಿಲು ತುಕ್ಕು ಹಿಡಿದು ಎಂದೋ ಬಿದ್ದುಹೋಗಿವೆ. ಬೀದಿದೀಪದ ಬೆಳಕು ಸಾಕಷ್ಟಿತ್ತು, ಯಾರಿಗಾದರೂ ಕಾಣುತ್ತಿತ್ತು.

“ನಿಲ್ಲು ಅಂತ ಕೂಗಿದೆ. ನನ್ನ ದನಿ ಬಂದ ಕಡೆಗೆ ಕಾಲಿಟ್ಟ.” ಅವನು ಮುಖ ಮುಚ್ಚಿಕೊಂಡ. “ನಾನು ಕೂಗಿದ್ದಕ್ಕೇ ಬಿದ್ದ.”

ಸ್ವೆಟರ್ ಬಿಚ್ಚಿ ತಲೆಯಡಿಗೆ ಇಟ್ಟು ಓಡಿದ. ಕೊಕ್ಕರೆಯ ಫೋನನ್ನು ಅವನ ಮನೆಯವರು ಕಿತ್ತುಕೊಂಡಿದ್ದರು. ದಾರಿಯಲ್ಲಿ ಪೇಪರ್ ಹಾಕುವವನ ಕಾಲು ಹಿಡಿದು ಆಂಬುಲೆನ್ಸಿಗೆ ಫೋನ್ ಮಾಡಿಸಿದ. ತಿರುಗಿ ಬರುವಷ್ಟರಲ್ಲಿ ಆಂಬುಲೆನ್ಸ್ ಗೆಳೆಯನನ್ನು ಹೊತ್ತು ಹೊರಟಿತ್ತು. ಅದರ ಹಿಂದೆಯೇ ಆಸ್ಪತ್ರೆಯವರೆಗೂ ಓಡಿದ.

“ಮೆಟ್ಟಿಲು ಕಾಣಲಿಲ್ವಾ ಅವನಿಗೆ?” ಇನ್ಸ್‌ಪೆಕ್ಟರ್ ಕೇಳಿದ.

“ಕನ್ನಡಕ ಇರಲಿಲ್ಲ ಸರ್.”

“ಇತ್ತಪ್ಪ. ಅಮ್ಮ ಕಣ್ಣಾರೆ ನೋಡಿದ್ದಾರೆ.”

“ಇರಲಿಲ್ಲ ಸರ್. ನಾನು ಅವನ ಕಣ್ಣು ಒರೆಸಿದೆ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ. ಒಂದು ಸುಳ್ಳು ಹೇಳುವವನು ಹತ್ತು ಹೇಳುತ್ತಾನೆ, ಅಮ್ಮನ ಕಣ್ಣಿಗಿಂತ ದೊಡ್ಡ ಸಾಕ್ಷಿ ಯಾವುದು ಎಂದ. ಸಂಜೆಯೊಳಗೆ ಇವನನ್ನು ಠಾಣೆಗೆ ಕರೆದೊಯ್ಯುವುದೇ ಸರಿ ಎಂದು ನಿರ್ಧಾರವಾಯಿತು.

* * *

ಕನ್ನಡಕದಮ್ಮ ಜೇಬಿನಿಂದ ಆ ಕನ್ನಡಕ ತೆಗೆದರು. ಒರೆಸಬೇಕು ಎನ್ನಿಸಲಿಲ್ಲ. ಸಾಕ್ಷಿ. ಬರಿದೇ ಹಿಡಿದು ನೋಡಿದರು. ತಲೆ ಒಡೆಯುವ ಹಾಗೆ ಬಿದ್ದವನ ಕನ್ನಡಕಕ್ಕೆ ಒಂದು ಗೀರಿಲ್ಲ.

ಕೈ ತನ್ನ ಪಾಡಿಗೆ ತಾನು ಹಳೆಯ ಕೆಲಸ ಮಾಡಿತು. ಕನ್ನಡಕವನ್ನು ಗೋಡೆಯ ಅಕ್ಷರಗಳ ಮುಂದೆ ಎಡಕ್ಕೆ ಸರಿಸಿತು.

ಅಕ್ಷರಗಳು ಬಲಕ್ಕೆ ಓಡಿದವು. ಆ ಹುಡುಗನಿಗೆ ಮಾಡಿಕೊಟ್ಟ ಗಾಜಾದರೆ ಅವೂ ಎಡಕ್ಕೇ ಬರಬೇಕಿತ್ತು.

ಅವರು ಮತ್ತೆ ಸರಿಸಿದರು. ಮತ್ತೆ ಬಲಕ್ಕೆ. ಯಂತ್ರದಲ್ಲಿ ಇಟ್ಟು ಅಳೆದರು. ಗಿರಾಕಿಗಳ ಕಾರ್ಡುಗಳ ಡ್ರಾಯರ್ ಎಳೆದು ಹುಡುಗನ ಕಾರ್ಡು ತೆಗೆದರು. ಆಮೇಲೆ ಇನ್ನೊಂದು ಕಾರ್ಡು. ಅದನ್ನು ಬರೆದು ಇನ್ನೂ ತಿಂಗಳಾಗಿರಲಿಲ್ಲ.

ಎರಡನೆಯ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಮಗಳು ಹೇಗಿದ್ದಾಳೆ, ಹೊಸ ಕನ್ನಡಕ ಹೊಂದಿಕೊಂಡಿತಾ ಎಂದು ಸಹಜವಾಗಿ ವಿಚಾರಿಸಿದರು. ಅತ್ತೆಯ ಮನೆಗೆ ಓದಲು ಹೋಗಿದ್ದಾಳೆ ಎಂದು ಉತ್ತರ ಬಂತು. ಉತ್ತರಕ್ಕೆ ಮುಂಚೆ ಒಂದು ತಡವರಿಕೆ ಬಂತು.

ಫೋನ್ ಇಟ್ಟರು. ತಲೆಯ ಮೇಲೆ, ಮಹಡಿಯಲ್ಲಿ, ಯಾರೋ ಎರಡು ಹೆಜ್ಜೆ ನಡೆದು ನಿಂತ ಸದ್ದಾಯಿತು. ಎರಡು ವರ್ಷದಿಂದ ಈ ಸದ್ದುಗಳು ಇದ್ದವು. ಅಳುವೂ ಇತ್ತು. ಸಲಹಾ ಕೇಂದ್ರ, ಜನ ಅಳುತ್ತಾರೆ ಎಂದುಕೊಂಡು ಅವರು ರೇಡಿಯೋ ದನಿ ಏರಿಸಿದ್ದರು. ಇವತ್ತು ಹುಡುಗ ಬಿದ್ದಾಗಲೂ ಅದು ಜೋರಾಗಿಯೇ ಇತ್ತು.

ಅವರಿಗೆ ಸಿಟ್ಟು ಬಂತು. ಮೊದಲ ಪಾಲು ತಮ್ಮ ಮೇಲೆಯೇ.

* * *

ಮೂರೂಕಾಲಿಗೆ ಎಲ್ಲರೂ ಅಂಗಡಿಯಲ್ಲಿದ್ದರು. ಇನ್ನು ಮುಕ್ಕಾಲು ಗಂಟೆಗೆ ಕಾರು ಹೊರಡಬೇಕು. ಕನ್ನಡಕವನ್ನು ಆಸ್ಪತ್ರೆಗೆ ಕಳಿಸಬೇಕು, ಗುರುತು ಹೇಳಿ ಒಂದು ಸಹಿ ಮಾಡಿ ಎಂದು ಕನ್ನಡಕದಮ್ಮ ನಿರ್ದೇಶಕರನ್ನು ಬರಮಾಡಿಕೊಂಡಿದ್ದರು.

“ಇದು ಆ ಹುಡುಗನದೇ ತಾನೇ ಸರ್?”

“ಅವನದೇ. ದಿನಾ ನೋಡ್ತೀನಲ್ಲ. ನಿನ್ನೆ ಸಂಜೆ ಕೂಡ ಹಾಕ್ಕೊಂಡು ಓದ್ತಾ ಕೂತಿದ್ದ.”

“ಇದನ್ನೇ?”

“ಇದನ್ನೇ ಅಮ್ಮ.” ನಗುತ್ತಲೇ ಸಹಿ ಮಾಡಿದರು.

ಕನ್ನಡಕದಮ್ಮ ಇನ್ಸ್‌ಪೆಕ್ಟರ್ ಕಡೆಗೆ ತಿರುಗಿದರು. “ನಿನ್ನ ಕನ್ನಡಕ ತೆಗಿ. ಇದನ್ನ ಹಾಕ್ಕೊಂಡು ಗೋಡೆ ನೋಡು.”

ಅವನು ಹಾಕಿಕೊಂಡ. ಕೈ ಮುಂದೆ ಚಾಚಿದ.

“ಅಮ್ಮ, ಅಕ್ಷರ ಹಾಗಿರಲಿ, ಗೋಡೇನೇ ಕಾಣ್ತಿಲ್ಲ. ಬರಿಗಣ್ಣಿಗಿಂತ ಕಡೆ.”

“ನಿನಗೆ ಮೈನಸ್ ನಾಲ್ಕು. ಆ ಹುಡುಗನಿಗೆ ಮೈನಸ್ ಏಳು. ನಿಮ್ಮಿಬ್ಬರಿಗೂ ದೂರ ಕಾಣಲ್ಲ. ಈ ಗಾಜು ಪ್ಲಸ್ ಮೂರೂವರೆ, ಅದರ ತದ್ವಿರುದ್ಧ. ಇದನ್ನ ಹಾಕ್ಕೊಂಡು ಅವನು ಓದೋದಿರಲಿ, ಬಾಗಿಲು ಹುಡುಕೋಕೂ ಆಗಲ್ಲ.”

ನಿರ್ದೇಶಕರ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಇಳಿಸಲು ಮರೆತವರ ಹಾಗೆ.

“ಎಲ್ಲಾ ಒಂದೇ ಥರ ಇರುತ್ತವಲ್ಲ. ಮಕ್ಕಳು ಅದಲುಬದಲು ಮಾಡ್ಕೊಂಡಿರಬೇಕು.”

“ಮಕ್ಕಳು? ಬೆಳಿಗ್ಗೆ ಇವನೊಬ್ಬನೇ ಅಂದ್ರಿ.”

ಕನ್ನಡಕದಮ್ಮ ಎರಡನೆಯ ಕಾರ್ಡನ್ನು ಮೇಜಿನ ಮೇಲಿಟ್ಟರು. ಶಾಲೆಯವರು ಎರಡು ವರ್ಷದಿಂದ ಎಲ್ಲ ಮಕ್ಕಳಿಗೂ ಒಂದೇ ಕಪ್ಪು ಫ್ರೇಮು ಮಾಡಿಸುತ್ತಾರೆ. ಕನ್ನಡಕ ಹಾಕದವರಿಗೆ ಎಲ್ಲವೂ ಒಂದೇ. ಗಾಜು ಮಾತ್ರ ಒಂದೇ ಅಲ್ಲ. ಶಾಲೆಯ ಮಕ್ಕಳಲ್ಲಿ ಪ್ಲಸ್ ಮೂರೂವರೆ ಮಾಡಿಕೊಟ್ಟದ್ದು ಒಬ್ಬಳಿಗೆ, ಹದಿನೈದರ ಹುಡುಗಿಗೆ. ಅವಳು ಅತ್ತೆಯ ಮನೆಯಲ್ಲಿದ್ದಾಳಂತೆ. ಅವಳ ಕನ್ನಡಕ ಇಲ್ಲಿ ಈ ಹುಡುಗನ ಮುಖದ ಮೇಲಿತ್ತು.

“ಹಾಕಿದವರು ಯಾರು ಅಂತ ಹೇಗೆ ಗೊತ್ತಾಗುತ್ತೆ?” ಇನ್ಸ್‌ಪೆಕ್ಟರ್ ಕೇಳಿದ. ಪ್ರಶ್ನೆ ಅಮ್ಮನಿಗೆ, ಕಣ್ಣು ಬಿಳಿ ಅಂಗಿಯ ಮೇಲೆ.

ಆಗ ಹುಡುಗನ ತಾಯಿ ಮುಂದೆ ಬಂದಳು. ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಗಂಡ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

ಕೇಂದ್ರದ ಷರತ್ತುಗಳ ನಕಲು. ಕೆಳಗೆ ಅಪ್ಪನ ಸಹಿ. ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದ: ಫೋನು, ಚಪ್ಪಲಿ, ಕನ್ನಡಕಗಳನ್ನು ಮೊದಲ ದಿನವೇ ಒಪ್ಪಿಸತಕ್ಕದ್ದು. ಪೆಟ್ಟಿಗೆಯ ಕೀಲಿ ನಿರ್ದೇಶಕರ ಬಳಿ ಮಾತ್ರ ಇರುತ್ತದೆ. ಬದಲಾದ ಮಗುವಿನ ಜೊತೆ ಹಳೆಯ ವಸ್ತು ಯಾವುದೂ ಮನೆಗೆ ಹೋಗಕೂಡದು.

“ಕಣ್ಣಿಲ್ಲದ ಮಗು ಓಡಿಹೋಗಲ್ಲ ಅಲ್ವಾ?” ಕನ್ನಡಕದಮ್ಮ ಹೇಳಿದರು. ದನಿ ಏರಲಿಲ್ಲ. “ಓಡಿತು. ಬಿತ್ತು. ನೀನು ಮೇಲೇ ಮಲಗಿದ್ದೆ, ಸದ್ದಿಗೆ ಎದ್ದೆ. ಕಿಟಕಿಯಿಂದ ಕೊಕ್ಕರೆ ಓಡೋದನ್ನ ನೋಡಿದೆ, ಹೊರಿಸೋಕೆ ಹೆಗಲು ಸಿಕ್ಕಿತು. ಆದರೆ ಕನ್ನಡಕ ಎಲ್ಲಿ ಅಂತ ಯಾರಾದರೂ ಕೇಳ್ತಾರೆ. ಪೆಟ್ಟಿಗೆ ತೆಗೆದು ಕೈಗೆ ಸಿಕ್ಕಿದ್ದನ್ನ ತಂದೆ. ರಕ್ತ ಸುರಿತಿರೋ ಮಗುವಿನ ಪಕ್ಕ ಕೂತು ನೆಟ್ಟಗೆ ತೊಡಿಸಿದೆ. ಉಸಿರಿದೆಯಾ ಅಂತ ನೋಡಲಿಲ್ಲ. ಎದ್ದು ಹೋಗಿ ಅಂಗಿ ಬದಲಾಯಿಸಿದೆ. ಆರೂವರೆಗೆ ಮನೆಯಿಂದ ಬಂದ ಹಾಗೆ ಬಂದೆ. ಕೊಕ್ಕರೆ ಹೋದ ಮೇಲೆ, ನಾನು ಬಾಗಿಲು ತೆರೆಯೋ ಮುಂಚೆ, ಕೀಲಿ ಇದ್ದವನೊಬ್ಬನೇ ಇದನ್ನ ಮಾಡೋಕೆ ಸಾಧ್ಯ.”

ನೀವು ಹೋಗಿ ನೀನು ಬಂದದ್ದನ್ನು ಎಲ್ಲರೂ ಗಮನಿಸಿದರು. ಆ ಮನುಷ್ಯನ ಕೈ ತನಗೆ ತಿಳಿಯದಂತೆಯೇ ಪ್ಯಾಂಟಿನ ಜೇಬನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಇನ್ಸ್‌ಪೆಕ್ಟರ್ ಆ ಜೇಬಿನಿಂದಲೇ ಕೀಲಿ ತೆಗೆದ.

* * *

ಮಹಡಿಯ ಹಿಂದಿನ ಕೋಣೆಗೆ ಹೊರಗಿನಿಂದ ಬೀಗವಿತ್ತು. ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬಾಗಿಲು ತೆರೆದರೂ ತಿರುಗಲಿಲ್ಲ. ತಿರುಗಲು ಅಪ್ಪಣೆ ಇದೆಯಾ ಎಂದು ಕೇಳಿದಳು. ಮಣಿಕಟ್ಟಿನಲ್ಲಿ ರಬ್ಬರ್ ಬ್ಯಾಂಡು. ಗೆಳತಿಯ ಹೆಸರು ನೆನಪಾದಾಗಲೆಲ್ಲ ಎಳೆದು ಹೊಡೆದುಕೊಳ್ಳಬೇಕಂತೆ. ಚರ್ಮದ ಮೇಲೆ ಅದೇ ಕೆಂಪು ಗೆರೆಗಳು.

ಶಾಲು ಕೊಟ್ಟಿದ್ದ ಪೇದೆ ಕತ್ತರಿ ಹುಡುಕಿ ತಂದು ಆ ಬ್ಯಾಂಡನ್ನು ಕತ್ತರಿಸಿದ. ಬೆರಳಿನಿಂದಲೇ ತೆಗೆಯಬಹುದಿತ್ತು. ಅವನಿಗೆ ಕತ್ತರಿಸಲೇಬೇಕಿತ್ತು.

ಹಿಂಬಾಗಿಲ ಚಿಲಕ ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ಮಂಚದ ಕೆಳಗೆ ಬಾಗಿದ ಚಮಚ. ನಿರ್ದೇಶಕನ ಕೋಣೆಯ ತೊಟ್ಟಿಯಲ್ಲಿ ತೋಳಿಗೆ ರಕ್ತ ತಾಗಿದ ಬಿಳಿ ಅಂಗಿ ನೆನೆಯುತ್ತಿತ್ತು.

ಪೆಟ್ಟಿಗೆಯಲ್ಲಿ ಹತ್ತು ಕನ್ನಡಕಗಳಿದ್ದವು. ಮೇಜಿನ ಮೇಲಿನದು ಸೇರಿ ಹನ್ನೊಂದು.

ನಾಲ್ಕು ಗಂಟೆಗೆ ಕೇಂದ್ರದ ಕಾರು ಹೊರಡಲಿಲ್ಲ. ಪೊಲೀಸ್ ಜೀಪು ಹೊರಟಿತು.

* * *

ಹುಡುಗ ಐದೂವರೆಗೆ ಕಣ್ಣು ಬಿಟ್ಟ. ಕನ್ನಡಕದಮ್ಮ ಇನ್ಸ್‌ಪೆಕ್ಟರನ ಒಪ್ಪಿಗೆ ಪಡೆದು ತಂದಿದ್ದ ಮೈನಸ್ ಏಳನ್ನು ಬ್ಯಾಂಡೇಜಿಗೆ ತಾಗದಂತೆ ತೊಡಿಸಿದರು. ಅವನು ಮೊದಲು ತಾಯಿಯನ್ನು ನೋಡಿದ. ಆಮೇಲೆ ಬಾಗಿಲ ಬಳಿಯ ಉದ್ದ ಕಾಲುಗಳನ್ನು.

“ನಾನು ಕೂಗಬಾರದಿತ್ತು,” ಎಂದ ಕೊಕ್ಕರೆ.

“ಹುಚ್ಚ. ನೀನು ಕೂಗದಿದ್ದರೆ ಯಾವ ಕಡೆ ಹೋಗಬೇಕು ಅಂತಲೇ ಗೊತ್ತಾಗ್ತಿರಲಿಲ್ಲ.”

ಕೊಕ್ಕರೆಯ ಹಿಂದೆ ಹುಡುಗನ ಅಪ್ಪ ನಿಂತಿದ್ದ. ಒಳಗೆ ಬರಲು ಹೆಜ್ಜೆ ಎತ್ತಿದ. ತಾಯಿ ಎದ್ದು ಹೋಗಿ ಕೊಕ್ಕರೆಯನ್ನು ಒಳಗೆ ಎಳೆದುಕೊಂಡು, ಗಂಡನ ಮುಖದೆದುರೇ ಬಾಗಿಲು ಹಾಕಿದಳು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಉಳಿದ ಒಂಬತ್ತು ಕನ್ನಡಕಗಳನ್ನು ಅಂಗಡಿಗೆ ತಂದ. ಯಾರದು ಯಾವುದು ಎಂದು ಗೊತ್ತಾಗದೆ ಕೇಸು ಮುಂದೆ ಹೋಗುವುದಿಲ್ಲ, ಈ ಮಕ್ಕಳ ತಂದೆತಾಯಿ ಯಾರೂ ಬಾಯಿ ಬಿಡುವುದಿಲ್ಲ ಎಂದ. ಕನ್ನಡಕದಮ್ಮ ಒಂದೊಂದನ್ನೇ ಯಂತ್ರದಲ್ಲಿ ಇಟ್ಟರು. ಒಂದೊಂದೇ ಕಾರ್ಡು ಹೊರಗೆ ಬಂತು. ಒಂಬತ್ತು ಕಾರ್ಡು, ಒಂಬತ್ತು ಮಕ್ಕಳು.

ಮೇಲೆ ಮಹಡಿ ನಿಶ್ಶಬ್ದವಾಗಿತ್ತು. ರೇಡಿಯೋ ಆರಿಸಿ, ಮೊದಲ ನಂಬರಿಗೆ ಫೋನ್ ಮಾಡಿದರು. ನಿಮ್ಮ ಮಗನ ಹಳೆಯ ಕನ್ನಡಕ ಸಿಕ್ಕಿದೆ ಎಂದರು.

ಹೊಸದು ಮಾಡಿಸಿದ್ದೇವೆ, ಅದೆಲ್ಲ ಮುಗಿದ ಕಥೆ, ನಮಗೇನೂ ಬೇಡ ಎಂದಿತು ಆ ಕಡೆಯ ದನಿ.

“ನಾನು ನಿಮ್ಮನ್ನ ಕೇಳಲಿಲ್ಲ,” ಕನ್ನಡಕದಮ್ಮ ಹೇಳಿದರು. “ಮಗುವಿಗೆ ಫೋನ್ ಕೊಡಿ.”